ಹಳೇ ಕಂಪ್ಯೂಟರಿಗೆ ಎಷ್ಟು ನೆನಪು ಬೇಕು?

ಮೊನ್ನೆ ಶನಿವಾರ ಫುಲ್‌ಶೀರ್‌ನ ನಮ್ಮನೆ ಗರಾಜಿನಲ್ಲಿ ಧೂಳು ತಿನ್ನುತ್ತಾ ಕೂತಿದ್ದ ಹಳೇ ಕಂಪ್ಯೂಟರನ್ನ ಕೆಳಗಿಳಿಸಿದೆ. ಅದರಲ್ಲಿರೋದು ವಿಂಡೋಸ್ ೯೮. ೨೦೦೦ನೇ ಇಸವಿಯಲ್ಲಿ ಅಪ್ಪ ಆರು ತಿಂಗಳು ನಮ್ಮಲ್ಲಿಗೆ ಬಂದಿದ್ದಾಗ, ಹೊತ್ತು ಹೋಗದೆ, 'ಬರಹ' ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಕುಟ್ಟಿ ತಮ್ಮ ಬಾಲ್ಯದ ಕಥೆ ಬರೆದಿಟ್ಟಿದ್ರು. ಅಪ್ಪ ಈಗಿಲ್ಲ. ಅದರ ಪ್ರಿಂಟೂ ನಮ್ಮ ಹತ್ರ ಇಲ್ಲ.

ಯಂತ್ರ ಆಮೆಯ ಹಾಗೆ ತೆವಳುತ್ತಿತ್ತು. ಮೆಮೊರಿ ಜಾಸ್ತಿ ಹಾಕಿದ್ರೆ ಸರಿಹೋದೀತು ಅಂತ ೫೧೨ ಎಂ.ಬಿ.ಯ ಎರಡು ಪಟ್ಟಿ ತರಿಸಿ ಸಿಕ್ಕಿಸಿದೆ. ವಿಂಡೋಸ್ ಏಳಲೇ ಇಲ್ಲ. ಸಾಲದ್ದಕ್ಕೆ 'ಮೆಮೊರಿ ಸಾಲದು' ಅಂತ ದೂರು ಬೇರೆ! ಹೊಟ್ಟೆ ಬಿರಿಯೋ ಹಾಗೆ ಬಡಿಸಿದ ಮೇಲೆ ಹಸಿವು ಅಂದ ಹಾಗಾಯ್ತು.

ಇದು ಅರ್ಥ ಆಗೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೆಚ್ಚು ದೂರವೇನಲ್ಲ, ನಮ್ಮ ಟೆಕ್ಸಾಸಿಗೇ. ಡಲ್ಲಾಸಿನ ಪೂರ್ವಕ್ಕಿರೋ ಟೆರೆಲ್ ಎಂಬ ಊರಲ್ಲಿ ಹುಟ್ಟಿದ ರಾಬರ್ಟ್ ಡೆನಾರ್ಡ್, ಒಂದು ಬಿಟ್ ಇಡೋಕೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸಾಕು ಅಂತ ಐಬಿಎಂನಲ್ಲಿದ್ದಾಗ ತೋರಿಸಿಕೊಟ್ಟರು. ೧೯೬೮ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಡಲ್ಲಾಸ್ ಪಕ್ಕದ ಕ್ಯಾರೊಲ್ಟನ್‌ನಲ್ಲಿದ್ದ ಮೋಸ್ಟೆಕ್ ಕಂಪನಿ ೧೯೭೩ರಲ್ಲಿ ಇನ್ನೊಂದು ಜಾಣತನ ಮಾಡಿತು. ೪೦೯೬ ಕೋಣೆಗಳಲ್ಲಿ ಒಂದನ್ನ ಗುರುತಿಸೋಕೆ ೧೨ ಬಿಟ್‌ಗಳ ವಿಳಾಸ ಬೇಕು. ಅದನ್ನ ಆರಾರರಂತೆ ಎರಡು ಕಂತಿನಲ್ಲಿ ಅದೇ ತಂತಿಗಳ ಮೇಲೆ ಕಳಿಸಿದರು. ೨೨ ಕಾಲಿನ ಚಿಪ್ ೧೬ ಕಾಲಿಗೆ ಇಳಿಯಿತು. ಸಾಲು, ಕಂಬ ಅಂತ ಎರಡು ಕಂತಿನಲ್ಲಿ ವಿಳಾಸ ಕಳಿಸೋ ಪದ್ಧತಿ ಇವತ್ತಿನ ಮೆಮೊರಿಯಲ್ಲೂ ಇದೆ.

ಇನ್ನು ನಮ್ಮ ಹ್ಯೂಸ್ಟನ್. ೧೯೮೨ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ಮೂವರು ಇಲ್ಲಿ ಕಾಂಪ್ಯಾಕ್ ಕಟ್ಟಿದರು. ಅವರ ಮೊದಲ ಯಂತ್ರದಲ್ಲಿದ್ದದ್ದು ೧೨೮ ಕೆ.ಬಿ. ಅದರ ಪ್ರೊಸೆಸರ್‌ಗೆ ೨೦ ಬಿಟ್‌ಗಳ ವಿಳಾಸ, ಅಂದ್ರೆ ಒಟ್ಟು ಒಂದು ಎಂ.ಬಿ. ಅದರಲ್ಲಿ ಡಾಸ್ ಪ್ರೋಗ್ರಾಮುಗಳಿಗೆ ದಕ್ಕಿದ್ದು ೬೪೦ ಕೆ.ಬಿ. ಎಷ್ಟೋ ವರ್ಷ ಜನ ಆ ಗೋಡೆಗೆ ತಲೆ ಚಚ್ಚಿಕೊಂಡರು. ಮುಂದೆ ೩೨ ಬಿಟ್‌ನ ಎಕ್ಸ್‌ಪಿಗೆ ೪ ಜಿ.ಬಿ. ಗೋಡೆ. ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಮುಂತಾದವು ತಮ್ಮ ಪಾಲಿನ ವಿಳಾಸ ಹಿಡಿದುಕೊಂಡ ಮೇಲೆ ಸಿಗೋದು ಮೂರು, ಮೂರೂಕಾಲು.

ನನ್ನ ಕಂಪ್ಯೂಟರಿನ ಕಾಯಿಲೆಯೂ ಇದೇ ಜಾತಿಯದ್ದು. ಡಿಸ್ಕಿನಿಂದ ಓದಿದ್ದನ್ನ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳೋ ಉಗ್ರಾಣ ಒಂದು ವಿಂಡೋಸ್ ೯೮ರಲ್ಲಿದೆ, ಹೆಸರು ವಿಕ್ಯಾಶ್. ಮೆಮೊರಿ ಹೆಚ್ಚಿದಷ್ಟೂ ಅದು ತನಗೆ ಅಂತ ಹೆಚ್ಚು ವಿಳಾಸ ಕಾದಿರಿಸುತ್ತೆ. ೫೧೨ ಎಂ.ಬಿ. ದಾಟಿದರೆ ಬೇರೆಯವರಿಗೆ ವಿಳಾಸವೇ ಉಳಿಯದೆ ಹೋಗಬಹುದು. ಸೈಟು ಖಾಲಿ ಇದೆ, ಮನೆ ನಂಬರು ಮುಗಿದಿದೆ ಅಷ್ಟೆ. ಸಿಸ್ಟಮ್.ಐಎನ್‌ಐ ಕಡತದಲ್ಲಿ ವಿಕ್ಯಾಶ್‌ಗೆ ಮಿತಿ ಹಾಕಬಹುದು. ಒಂದು ಪಟ್ಟಿ ಕಿತ್ತುಬಿಡೋದು ಇನ್ನೂ ಸುಲಭ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಕೇಳಿ: ೯೮ಕ್ಕೆ ೨೫೬ ಎಂ.ಬಿ. ಧಾರಾಳ. ಎಕ್ಸ್‌ಪಿಗೆ ೫೧೨ರಿಂದ ಒಂದು ಜಿ.ಬಿ. ಕೊಳ್ಳೋ ಮುಂಚೆ ಬೋರ್ಡಿನ ಚಿಪ್‌ಸೆಟ್ ಯಾವುದು ನೋಡಿಕೊಳ್ಳಿ. ಇಂಟೆಲ್ ೪೪೦ಬಿಎಕ್ಸ್ ಆಗಿದ್ದರೆ ಎಂಟು ಚಿಪ್ಪಿನ ೨೫೬ರ ಪಟ್ಟಿ ಅರ್ಧವೇ ಕಂಡೀತು, ಹದಿನಾರು ಚಿಪ್ಪಿನದ್ದು ತಗೊಳ್ಳಿ. ಎಲ್ಲಕ್ಕಿಂತ ಮೊದಲು ಡಿಸ್ಕಿನ ನಕಲು ತೆಗೆದಿಟ್ಟುಕೊಳ್ಳಿ. ನಾನು ಅದನ್ನ ಮಾಡದೆ ಕೈ ಹಾಕಿದ್ದೆ, ತಪ್ಪು ನನ್ನದೇ.

ಒಂದು ಪಟ್ಟಿ ಕಿತ್ತೆ. ವಿಂಡೋಸ್ ಎದ್ದಿತು. ಅಪ್ಪನ ಕಡತ ತೆರೆದೆ. ಮೊದಲ ಸಾಲಿನಲ್ಲೇ ಮೈಸೂರಿನ ಹಳೇ ಮನೆ ನಂಬರು, ಬೀದಿ ಹೆಸರು, ಅಂಚೆ ವಿಳಾಸ ಪೂರ್ತಿ. ಆ ಮನೆ ಈಗಿಲ್ಲ.

ಒಟ್ಟು ಹದಿನಾಲ್ಕು ಪುಟ. ನಕಲು ಮಾಡಿಕೊಂಡೆ, ಮೂರು ಕಡೆ.