ಶೇಷಗಿರಿಹಳ್ಳಿಯಲ್ಲಿ ಬಿದ್ದ ಸಾರಸ್

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಬಿಡದಿಗೆ ಸಮೀಪದ ಶೇಷಗಿರಿಹಳ್ಳಿಯ ಬಳಿ 2009ರ ಮಾರ್ಚ್ 6ರ ಮಧ್ಯಾಹ್ನ ಸಣ್ಣ ವಿಮಾನವೊಂದು ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಅದರಲ್ಲಿದ್ದವರು ಮೂವರು. ಪೈಲಟ್‌ಗಳಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ ಮತ್ತು ವಿಂಗ್ ಕಮಾಂಡರ್ ದೀಪೇಶ್ ಷಾ, ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ವಾಯುಪಡೆಯವರು. ಒಬ್ಬರೂ ಬದುಕುಳಿಯಲಿಲ್ಲ.

ಬಿದ್ದದ್ದು 'ಸಾರಸ್'. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ 14 ಆಸನಗಳ ಲಘು ವಿಮಾನದ ಎರಡನೆಯ ಮಾದರಿ.

ವಿಮಾನ ಬಿದ್ದಾಗಲೆಲ್ಲ ನಾವು ಪತ್ರಿಕೆಯವರು ಮೊದಲು ಬರೆಯುವ ಪದ 'ತಾಂತ್ರಿಕ ದೋಷ'. ಬರೆಯಲು ಸುಲಭ, ಯಾರಿಗೂ ನೋವಾಗುವುದಿಲ್ಲ. ಆದರೆ ಆ ಪದದ ಒಳಗೆ ಏನಿದೆ ಎಂದು ಬಿಚ್ಚಿ ನೋಡುವ ಕೆಲಸ ತನಿಖೆಯದು. ಸಾರಸ್‌ನ ವಿಚಾರದಲ್ಲಿ ಅದನ್ನು ಬಿಚ್ಚಿದಾಗ ಸಿಕ್ಕಿದ್ದು ತುಂಡಾದ ಬೋಲ್ಟು, ಸೋರುವ ಕೊಳವೆ ಅಲ್ಲ. ಕಾಗದದ ಮೇಲೆ ಬರೆದಿದ್ದ ಒಂದು ಕ್ರಮ.

ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಮಾತು ಈ ಭಾಗದ ಓದುಗರಿಗೆ ಹೊಸದಲ್ಲ. ಅಂತಹ ಊರಿಗೆ ನೂರೈವತ್ತು ಜನರ ಜೆಟ್ ವಿಮಾನ ತಂದರೆ ಆಸನ ತುಂಬುವುದು ಕಷ್ಟ. ಚಿಕ್ಕ ಊರು, ಚಿಕ್ಕ ಓಡುದಾರಿ, ಹತ್ತು ಹದಿನಾಲ್ಕು ಪ್ರಯಾಣಿಕರು ಎಂಬ ಲೆಕ್ಕದಲ್ಲೇ ಸಾರಸ್ ಹುಟ್ಟಿದ್ದು. ಆರಂಭದಲ್ಲಿ ರಷ್ಯನ್ನರು ಜೊತೆಗಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರ ಆ ಪಾಲುದಾರಿಕೆ ಉಳಿಯಲಿಲ್ಲ. 1998ರ ಪೋಖ್ರಾನ್ ಪರೀಕ್ಷೆಯ ಬೆನ್ನಿಗೆ ಬಂದ ನಿರ್ಬಂಧಗಳು ಕೆಲಸವನ್ನು ಇನ್ನಷ್ಟು ಹಿಂದಕ್ಕೆಳೆದವು. ಕೊನೆಗೂ ಮೊದಲ ಮಾದರಿ ಹಾರಿದ್ದು 2004ರ ಮೇ 29ರಂದು. ಅದು ಲೆಕ್ಕಕ್ಕಿಂತ ಸುಮಾರು 900 ಕಿಲೋ ಹೆಚ್ಚು ತೂಗುತ್ತಿತ್ತು. ತೂಕ ಇಳಿಸಿ, ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದ ಎರಡನೆಯ ಮಾದರಿ 2007ರ ಏಪ್ರಿಲ್‌ನಲ್ಲಿ ಮೇಲೇರಿತು.

ಹೊಸ ವಿಮಾನಕ್ಕೆ ಪ್ರಯಾಣಿಕರನ್ನು ಹತ್ತಿಸುವ ಮುನ್ನ ಅದನ್ನು ಬೇಕೆಂದೇ ಸಂಕಟಕ್ಕೆ ಒಡ್ಡಿ ನೋಡಬೇಕಾಗುತ್ತದೆ. ಎರಡು ಎಂಜಿನ್‌ಗಳಲ್ಲಿ ಒಂದನ್ನು ಆಕಾಶದಲ್ಲೇ ಆರಿಸಿ, ಮತ್ತೆ ಹೊತ್ತಿಸಿ ತೋರಿಸುವುದು ಅಂತಹ ಒಂದು ಪರೀಕ್ಷೆ. ಅಂದು ಎಚ್‌ಎಎಲ್ ನಿಲ್ದಾಣದಿಂದ ಹೊರಟ ಸಾರಸ್ ಮಾಡಬೇಕಿದ್ದುದು ಇದನ್ನೇ. ನೆಲದ ಮೇಲೆ ಟೆಲಿಮೆಟ್ರಿ ಕೋಣೆಯಲ್ಲಿ ಪರೀಕ್ಷಾ ನಿರ್ದೇಶಕರು ಕುಳಿತು ವಿಮಾನದಿಂದ ಬರುತ್ತಿದ್ದ ಅಂಕಿಗಳನ್ನು ನೋಡುತ್ತಿದ್ದರು. ಸುಮಾರು 9,000 ಅಡಿ ಎತ್ತರದಲ್ಲಿ ಎಡ ಎಂಜಿನ್ ಆರಿಸಲಾಯಿತು. ಮತ್ತೆ ಹೊತ್ತಿಸುವ ಮೊದಲ ಯತ್ನ ಫಲಿಸಲಿಲ್ಲ. ಮುಂದಿನದು ಬಹಳ ಬೇಗ ನಡೆದುಹೋಯಿತು. ವಿಮಾನ ವೇಗವಾಗಿ ಎತ್ತರ ಕಳೆದುಕೊಂಡಿತು. ಹತೋಟಿ ತಪ್ಪಿದೆ ಎಂಬ ಅರ್ಥದ ಕರೆಯೊಂದು ರೇಡಿಯೋದಲ್ಲಿ ಬಂತು. ಅದೇ ಕೊನೆಯ ಮಾತು.

9,000 ಅಡಿ ಎಂದರೆ ಸಾಕಷ್ಟಾಯಿತಲ್ಲ ಎನ್ನಿಸಬಹುದು. ಆದರೆ ಆ ಲೆಕ್ಕ ಸಮುದ್ರಮಟ್ಟದಿಂದ. ಬೆಂಗಳೂರು ಸುತ್ತಿನ ನೆಲವೇ ಎರಡೂವರೆ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಅಷ್ಟನ್ನು ಕಳೆದರೆ ಕಾಲ ಕೆಳಗೆ ಉಳಿಯುವುದು ಸುಮಾರು ಆರು ಸಾವಿರ ಅಡಿ ಗಾಳಿ ಮಾತ್ರ. ಹತೋಟಿ ತಪ್ಪಿದ ವಿಮಾನಕ್ಕೆ ಅದು ದೊಡ್ಡ ಮೊತ್ತವಲ್ಲ.

ಪ್ರೊಪೆಲರ್‌ನ ಗುಟ್ಟನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಓಡುವ ಬಸ್ಸಿನ ಕಿಟಕಿಯಿಂದ ಅಂಗೈಯನ್ನು ಮಟ್ಟಸವಾಗಿ ಹೊರಗೆ ಚಾಚಿದರೆ ಗಾಳಿ ಸುಮ್ಮನೆ ಸೀಳಿಕೊಂಡು ಹೋಗುತ್ತದೆ. ಅದೇ ಅಂಗೈಯನ್ನು ಗಾಳಿಗೆ ಎದುರಾಗಿ ತಿರುಗಿಸಿದರೆ ಕೈ ಹಿಂದಕ್ಕೆ ಸೆಳೆಯುತ್ತದೆ. (ಯಾರೂ ಪ್ರಯೋಗ ಮಾಡಬೇಡಿ, ಚಿಕ್ಕಂದಿನಲ್ಲಿ ಮಾಡಿ ಬೈಸಿಕೊಂಡವರಿಗೆ ನೆನಪಿದ್ದೇ ಇರುತ್ತದೆ.) ಎಂಜಿನ್ ಆರಿದಾಗ ಪೈಲಟ್ ಪ್ರೊಪೆಲರ್ ಎಲೆಗಳನ್ನು ಗಾಳಿ ಸೀಳುವಂತೆ ತಿರುಗಿಸಿಡುತ್ತಾನೆ. ಇದಕ್ಕೆ 'ಫೆದರ್' ಮಾಡುವುದು ಎನ್ನುತ್ತಾರೆ. ಮತ್ತೆ ಹೊತ್ತಿಸುವಾಗ ಆ ಎಲೆಗಳು ಯಾವ ಕ್ಷಣದಲ್ಲಿ, ಎಷ್ಟು ಕೋನಕ್ಕೆ ತಿರುಗಬೇಕು ಎಂಬುದೇ ಮುಖ್ಯ. ಶಕ್ತಿಯಿಲ್ಲದ ಎಂಜಿನ್ ಮೇಲೆ ಎಲೆಗಳು ಗಾಳಿಗೆ ಅಡ್ಡ ನಿಂತರೆ ಒಂದು ಪಕ್ಕಕ್ಕೆ ಬಾಗಿಲು ತೆರೆದಿಟ್ಟಂತೆ. ಇನ್ನೊಂದು ಪಕ್ಕದ ಎಂಜಿನ್ ಮುಂದಕ್ಕೆ ತಳ್ಳುತ್ತಿರುತ್ತದೆ, ಈ ಪಕ್ಕ ಹಿಂದಕ್ಕೆ ಎಳೆಯುತ್ತದೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖಾ ವರದಿ ಕಾರಣವನ್ನು ನೇರವಾಗಿಯೇ ಹೇಳಿತು. ಎಂಜಿನ್ ಮರುಹೊತ್ತಿಸಲು ವಿನ್ಯಾಸಕರು ರೂಪಿಸಿಕೊಟ್ಟ ಕ್ರಮವೇ ತಪ್ಪಾಗಿತ್ತು. ಅದನ್ನು ಸಾಲದ ಎತ್ತರದಲ್ಲಿ ಅನುಸರಿಸಿದ್ದರಿಂದ ವಿಮಾನ ವೇಗವಾಗಿ ಕೆಳಗಿಳಿದು ವಿಚಿತ್ರವಾಗಿ ವರ್ತಿಸಿತು. ಜೊತೆಗಿನ ಕಾರಣಗಳನ್ನೂ ವರದಿ ಎಣಿಸಿತು. ಕಾಕ್‌ಪಿಟ್‌ನಲ್ಲಿ ಹೊಂದಾಣಿಕೆ ಸಾಲದಾಯಿತು, ನಿಯಂತ್ರಣಗಳನ್ನು ಬಳಸಿದ ರೀತಿ ಸರಿಯಿರಲಿಲ್ಲ, ಮೊದಲ ಯತ್ನ ವಿಫಲವಾದ ಮೇಲೆ ನೆಲದ ನಿರ್ದೇಶಕರೊಂದಿಗೆ ಮಾತಾಡಿ ಹಾರಾಟ ನಿಲ್ಲಿಸಬೇಕಿತ್ತು ಎಂದಿತು. ಇವೆಲ್ಲ ತೀರಿಕೊಂಡವರ ಮೇಲಿನ ಮಾತುಗಳು, ಉತ್ತರಿಸಲು ಅವರಿಲ್ಲ. ಆದರೆ ಅದೇ ಪಟ್ಟಿಯಲ್ಲಿರುವ ಇನ್ನೊಂದು ಅಂಶ ನೆಲದ ಮೇಲಿದ್ದವರದು: ಪ್ರೊಪೆಲರ್ ತಯಾರಕರನ್ನು ಕೇಳದೆಯೇ ಎನ್‌ಎಎಲ್ ಆ ಕ್ರಮವನ್ನು ಸಿದ್ಧಪಡಿಸಿತ್ತು. ಎಲೆ ತಿರುಗುವ ಲೆಕ್ಕ ಮಾಡಿದವರನ್ನೇ ಕೇಳಲಿಲ್ಲ ಎಂಬುದು, ನನ್ನ ಮಟ್ಟಿಗೆ, ಇಡೀ ವರದಿಯಲ್ಲಿ ಹೆಚ್ಚು ಕಾಡುವ ಸಾಲು. ಕೇಳಿದ್ದರೆ ಖರ್ಚಾಗುತ್ತಿದ್ದುದು ಬಹುಶಃ ಒಂದಿಷ್ಟು ಪತ್ರವ್ಯವಹಾರ.

ಎಲ್ಲ ಸಣ್ಣ ವಿಮಾನಗಳ ಕಥೆಯೂ ಹೀಗೆ ಲಿಖಿತ ಕ್ರಮದಲ್ಲೇ ಮುಗಿಯುವುದಿಲ್ಲ. ತನಿಖೆ ಮಾಡುವವರು ಮೊದಲು ತೆರೆಯುವುದು ಇಂಧನದ ಲೆಕ್ಕ ಮತ್ತು ನಿರ್ವಹಣೆಯ ದಾಖಲೆ ಪುಸ್ತಕ. 2023ರ ಮೇ 30ರಂದು ಬೆಳಗಾವಿಯ ರೆಡ್‌ಬರ್ಡ್ ತರಬೇತಿ ಶಾಲೆಯ ವಿಮಾನ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಆ ಶಾಲೆಯ ಎರಡು ವಿಮಾನಗಳು ನಾಲ್ಕು ದಿನಗಳೊಳಗೆ ಅಪಘಾತಕ್ಕೀಡಾದಾಗ, ನಿರ್ವಹಣೆಯ ಬಗ್ಗೆ ಸಂಶಯ ತಳೆದ ನಿರ್ದೇಶನಾಲಯ ಶಾಲೆಯ ಎಲ್ಲ ಕೇಂದ್ರಗಳಲ್ಲೂ ತರಬೇತಿ ನಿಲ್ಲಿಸಿತು. ಅಲ್ಲಿ ಪ್ರಶ್ನೆ ಹ್ಯಾಂಗರಿನದು, ಸಾರಸ್‌ನಲ್ಲಿ ವಿನ್ಯಾಸದ ಮೇಜಿನದು. ಎರಡೂ ಕಡೆ ಪೈಲಟ್ ಸನ್ನೆ ಹಿಡಿಯುವ ಮೊದಲೇ ಕೆಲಸ ಕೆಟ್ಟಿರಬಹುದು ಎಂಬುದಷ್ಟೇ ಸಮಾನ.

ಶೇಷಗಿರಿಹಳ್ಳಿಯ ನಂತರ ಯೋಜನೆ ಕುಂಟಿತು. ಹಣ ಬತ್ತಿತು, ಸಾರಸ್ ಕಥೆ ಮುಗಿಯಿತು ಎಂದೇ ಹಲವರು ತಿಳಿದಿದ್ದರು. ಕೊನೆಗೆ ಮೂಲೆ ಸೇರಿದ್ದ ಮೊದಲ ಮಾದರಿಯನ್ನೇ ಹೊರತೆಗೆದು, ಹಲವು ಭಾಗಗಳನ್ನು ಮಾರ್ಪಡಿಸಿ, 2018ರ ಜನವರಿ 24ರಂದು ಎಚ್‌ಎಎಲ್ ನಿಲ್ದಾಣದಿಂದ ಹಾರಿಸಲಾಯಿತು. ಅಂದಿನ ಹಾರಾಟ 40 ನಿಮಿಷಗಳದು. ಹಾರಿಸಿದವರು ಮತ್ತೆ ವಾಯುಪಡೆಯ ಪರೀಕ್ಷಾ ಪೈಲಟ್‌ಗಳೇ.