ತೆಗೆದವರು ಯಾರು? ಗಡಿನಾಡಿನ ಹಳೆಯ ಫೋಟೊಗಳು, ಕೃತಿಸ್ವಾಮ್ಯ ಮತ್ತು ವಿಕಿಪೀಡಿಯ

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವಾಗ ನಾವು ಶಾಸನ, ಶಾಲೆ, ಯಕ್ಷಗಾನ, ಪತ್ರಿಕೆಗಳನ್ನು ಆಕರಗಳಾಗಿ ತೆಗೆದುಕೊಳ್ಳುತ್ತೇವೆ. ಫೋಟೊ ಮಾತ್ರ ಪುಟದ ಅಲಂಕಾರವಾಗಿ ಉಳಿದುಬಿಟ್ಟಿದೆ. ಇವತ್ತು ನಾನು ಫೋಟೊವನ್ನೇ ಆಕರವಾಗಿ ಹಿಡಿದು, ಅದನ್ನು ವಿಕಿಪೀಡಿಯಕ್ಕೆ ಹಾಕುವಾಗ ಎದುರಾಗುವ ಕೃತಿಸ್ವಾಮ್ಯದ, ಅಂದರೆ ಕಾಪಿರೈಟಿನ, ನಿಯಮಗಳ ಮೂಲಕ ಕಾಸರಗೋಡಿನ ಚರಿತ್ರೆಯನ್ನು ನೋಡುತ್ತೇನೆ. ವಿಷಯ ಸ್ವಲ್ಪ ಒಣಗಿದ ಹಾಗೆ ಕಾಣಬಹುದು. ಆದರೆ ನಮ್ಮ ಗಡಿಗಳು ನಿಶ್ಚಯವಾದ ವರ್ಷಗಳೂ ಈ ನಿಯಮಗಳಲ್ಲಿ ಅತಿ ತೊಡಕಾದ ವರ್ಷಗಳೂ ಒಂದೇ ಆಗಿವೆ. ಇದರ ಬಗ್ಗೆ ನಾವು ಯೋಚಿಸಿದ್ದು ಕಡಿಮೆ.

ಮೊದಲು ಒಂದು ಸಂದೇಹ ಪರಿಹರಿಸಿಕೊಳ್ಳೋಣ. ನಮ್ಮ ಪ್ರಬಂಧದಲ್ಲಿ ಹಳೆಯ ಫೋಟೊ ಬಳಸಿದರೆ ಯಾರೂ ಏನೂ ಹೇಳುವುದಿಲ್ಲ, ವಿಕಿಪೀಡಿಯದಲ್ಲಿ ಮಾತ್ರ ಯಾಕೆ ಇಷ್ಟು ಗಲಾಟೆ? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು ಸಂಶೋಧನೆ, ವಿಮರ್ಶೆ, ಪಾಠ ಇಂಥ ಉದ್ದೇಶಗಳಿಗೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಆ ರಿಯಾಯಿತಿ ಬಳಸುವವರಿಗೆ, ಬಳಸುವ ಉದ್ದೇಶಕ್ಕೆ ಸಿಕ್ಕುವಂಥದ್ದು. ವಿಕಿಪೀಡಿಯದ ಭರವಸೆ ಬೇರೆ. ಅಲ್ಲಿರುವುದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಸೇರಿದಂತೆ, ತೆಗೆದುಕೊಳ್ಳಬಹುದು, ಬದಲಾಯಿಸಬಹುದು, ಹಂಚಬಹುದು ಅಂತ ಅದು ಓದುಗರಿಗೆ ಹೇಳುತ್ತದೆ. ಹಾಗಾಗಿ 2004ರಲ್ಲಿ ಶುರುವಾದ ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸ್ ಎರಡು ಬಗೆಯ ಚಿತ್ರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ: ಕೃತಿಸ್ವಾಮ್ಯದ ಅವಧಿ ಮುಗಿದವು ಮತ್ತು ಹಕ್ಕುದಾರರೇ ಮುಕ್ತ ಪರವಾನಗಿ ಕೊಟ್ಟವು. "ವ್ಯಾಪಾರಕ್ಕೆ ಬಳಸಬಾರದು" ಎಂಬ ಷರತ್ತಿದ್ದರೂ ಅಲ್ಲಿ ಸಲ್ಲದು. "ವಿಕಿಪೀಡಿಯದಲ್ಲಿ ಮಾತ್ರ ಹಾಕಿಕೊಳ್ಳಿ" ಎಂಬ ಅನುಮತಿಯೂ ಸಾಲದು.

ಎರಡನೆಯ ಸಂದೇಹ, ಲೇಖಕನ ಹಕ್ಕು ಮತ್ತು ಚಿತ್ರದ ಹಕ್ಕನ್ನು ಒಂದೇ ಎಂದು ತಿಳಿಯುವುದು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಂಬ ಲೆಕ್ಕದ ಪ್ರಕಾರ ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಭಾರತದಲ್ಲಿ ಎಲ್ಲರ ಸ್ವತ್ತು. ಹಾಗಂತ ಪೈಗಳ ಫೋಟೊಗಳೂ ಎಲ್ಲರ ಸ್ವತ್ತಾದವು ಅಂತ ಅಲ್ಲ. ಫೋಟೊದ ಕರ್ತೃ ಕ್ಯಾಮೆರಾದ ಹಿಂದೆ ನಿಂತವರು. ನಿರಂಜನರ ವಿಷಯದಲ್ಲೂ ಇದೇ ಮಾತು. ಕಾಸರಗೋಡಿನ ಕಯ್ಯೂರು ಹೋರಾಟದ ಮೇಲೆ 'ಚಿರಸ್ಮರಣೆ' ಬರೆದ ಅವರ ಕೃತಿಗಳನ್ನು ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಇದು ಕನ್ನಡಕ್ಕೆ ದೊಡ್ಡ ಉಪಕಾರ. ಆದರೆ ಪಠ್ಯವನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಬೇರೆ ಕಲಾವಿದರು ಬರೆದ ಮುಖಪುಟ ತಾನಾಗಿ ಮುಕ್ತವಾಗುವುದಿಲ್ಲ. ಅದಕ್ಕೆ ಆ ಚಿತ್ರದ ಹಕ್ಕುದಾರರು ಒಪ್ಪಬೇಕು.

ಈಗ ಕಾನೂನಿನ ಚರಿತ್ರೆಗೆ ಬರೋಣ. ಬ್ರಿಟನ್ನಿನ 1911ರ ಕಾಯ್ದೆಯನ್ನು 1914ರಲ್ಲಿ ಇಲ್ಲಿಗೆ ಅಳವಡಿಸಿದರು. ಅದರ ಪ್ರಕಾರ ಫೋಟೊಗೆ ಮೂಲ ನೆಗೆಟಿವ್ ತಯಾರಾದಂದಿನಿಂದ 50 ವರ್ಷ ರಕ್ಷಣೆ. ನಮ್ಮದೇ 1957ರ ಕಾಯ್ದೆ ಜಾರಿಗೆ ಬಂದದ್ದು 1958ರ ಜನವರಿ 21ರಂದು. ಅದು ಫೋಟೊಗೆ ಪ್ರಕಟಣೆಯಿಂದ 50 ವರ್ಷ ಅಂತ ಮಾಡಿತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಆ ಹೊತ್ತಿಗೆ ಸರಿಯಾಗಿ ಅವಧಿಯನ್ನು 60ಕ್ಕೆ ಏರಿಸಿದರು. ಬಂಗಾಳದ ಕವಿಯೊಬ್ಬರ ಕಾರಣಕ್ಕೆ ಆದ ಬದಲಾವಣೆ ನಮ್ಮೂರಿನ ಸ್ಟುಡಿಯೊ ಚಿತ್ರಕ್ಕೂ ಅನ್ವಯವಾಯಿತು. 2012ರ ತಿದ್ದುಪಡಿ ಫೋಟೊಗಳಿಗೇ ಇದ್ದ 25ನೇ ಸೆಕ್ಷನ್ನನ್ನು ಕೈಬಿಟ್ಟಿತು. ಈಗ ಫೋಟೊಗೂ ಕಾದಂಬರಿಗೂ ಒಂದೇ ಲೆಕ್ಕ, ಕರ್ತೃವಿನ ಆಯುಷ್ಯ ಮತ್ತು ಅದರ ಮೇಲೆ 60 ವರ್ಷ.

ವಿಕಿಮೀಡಿಯ ಕಾಮನ್ಸ್ ಅನುಸರಿಸುವ ರೀತಿಯಲ್ಲಿ, 1958ಕ್ಕೆ ಮುಂಚಿನ ಭಾರತೀಯ ಫೋಟೊಗಳಿಗೆ ಹಳೆಯ 50 ವರ್ಷದ ಲೆಕ್ಕ. ಹಾಗೆ ನೋಡಿದರೆ 1956ರಲ್ಲಿ ತೆಗೆದ ಚಿತ್ರದ ಹಕ್ಕು 2006ರ ಕೊನೆಗೇ ಮುಗಿದಿದೆ. ಹಾಗಾದರೆ ಸಮಸ್ಯೆ ಏನು ಅಂದ್ರೆ, ವಿಕಿಪೀಡಿಯವನ್ನು ನಡೆಸುವ ಸಂಸ್ಥೆ ಇರುವುದು ಅಮೆರಿಕದಲ್ಲಿ. ಕಾಮನ್ಸಿಗೆ ಸೇರುವ ಚಿತ್ರ ಮೂಲ ದೇಶದಲ್ಲೂ ಅಮೆರಿಕದಲ್ಲೂ ಮುಕ್ತವಾಗಿರಬೇಕು. ಉರುಗ್ವೆ ಸುತ್ತಿನ ವಾಣಿಜ್ಯ ಒಪ್ಪಂದದ ನಂತರ ಅಮೆರಿಕ ಒಂದು ಕಾನೂನು ಮಾಡಿತು: 1996ರ ಜನವರಿ 1ರಂದು ತಮ್ಮ ದೇಶದಲ್ಲಿ ಹಕ್ಕು ಉಳಿದಿದ್ದ ವಿದೇಶಿ ಕೃತಿಗಳಿಗೆ ಅಲ್ಲೂ ರಕ್ಷಣೆ. ಆ ಕಾಲದ ಪ್ರಕಟಿತ ಚಿತ್ರಕ್ಕೆ ಅಲ್ಲಿನ ಅವಧಿ ಪ್ರಕಟಣೆಯಿಂದ 95 ವರ್ಷ. ಅದರಿಂದ 1946 ಒಂದು ಗೆರೆಯಾಗಿಬಿಟ್ಟಿತು. 1945ರಲ್ಲಿ ತೆಗೆದ ಫೋಟೊದ 50 ವರ್ಷ 1995ರ ಕೊನೆಗೆ ಮುಗಿದಿತ್ತು, ಅದು ಪಾರಾಯಿತು. 1946ರಿಂದ 1957ರವರೆಗಿನದು ಭಾರತದಲ್ಲಿ ಮುಕ್ತವಾದರೂ ಅಮೆರಿಕದಲ್ಲಿ ಸಿಕ್ಕಿಹಾಕಿಕೊಂಡಿತು. ಗೋವಿಂದ ಪೈಗಳ 1940ರ ಫೋಟೊ ಇದ್ದರೆ ತೊಂದರೆ ಇಲ್ಲ. ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಗೌರವ ಕೊಟ್ಟ 1949ರಲ್ಲಿ ತೆಗೆದು, ಅದೇ ವರ್ಷ ಅಚ್ಚಾದ ಫೋಟೊ ಆದರೆ ಅಮೆರಿಕದಲ್ಲಿ 2044ರ ಕೊನೆಯವರೆಗೆ ಕಾಯಬೇಕು.

ಈ ಹನ್ನೆರಡು ವರ್ಷಗಳಲ್ಲಿ ಏನೇನಾಯಿತು ನೋಡಿ. 1948ರಲ್ಲಿ ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಅದೇ ವರ್ಷ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1955ರಲ್ಲಿ ಫಜಲ್ ಅಲಿ ಆಯೋಗದ ವರದಿ ಬಂತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಈ ವಿಚಾರಗೋಷ್ಠಿಯಲ್ಲಿ ಕೂತಿರುವ ನಮ್ಮಲ್ಲಿ ಬಹುತೇಕರು "ಗಡಿನಾಡಿನವರು" ಆದದ್ದು ಈ ಹನ್ನೆರಡು ವರ್ಷಗಳ ಒಳಗೆ. ಆ ಕಾಲದ ಸಭೆ, ಮೆರವಣಿಗೆ, ಶಾಲೆಯ ಗುಂಪುಚಿತ್ರ ಎಲ್ಲ ಈ ಕಾನೂನಿನ ಸಂದಿಯಲ್ಲಿ ಬೀಳುತ್ತವೆ. ಇದು ಯಾರೂ ನಮ್ಮ ಮೇಲೆ ಮಾಡಿದ ಪಿತೂರಿ ಅಲ್ಲ, ಎರಡು ದೇಶದ ದಿನಾಂಕಗಳು ಕೂಡಿಬಂದ ರೀತಿ. ಪರಿಣಾಮ ಮಾತ್ರ ನಿಜ. ಘಟನೆಯ ಬಗ್ಗೆ ಎಷ್ಟು ಉದ್ದದ ಲೇಖನ ಬೇಕಾದರೂ ಬರೆಯಬಹುದು. ಅದಕ್ಕೊಂದು ಮುಖ ಕೊಡುವುದು ಕಷ್ಟ.

ಕಾಮನ್ಸಿನ ರೂಢಿ ಇಲ್ಲಿ ಸ್ವಲ್ಪ ಮೆದು ಎಂಬುದನ್ನೂ ಹೇಳಬೇಕು. ಅಮೆರಿಕದ ಆ ಕಾನೂನು ಅನ್ವಯವಾಗುತ್ತದೆ ಎಂಬ ಬರೀ ಆರೋಪದ ಮೇಲೆ ಚಿತ್ರವನ್ನು ಅಳಿಸುವುದಿಲ್ಲ. ಆದರೆ ಗಟ್ಟಿಯಾದ ಅನುಮಾನ ಇದ್ದರೆ ಅಳಿಸುತ್ತಾರೆ. ಅನುಮಾನ ಬರುವುದು ಯಾವಾಗ? ಫೋಟೊದ ಹುಟ್ಟಿನ ಬಗ್ಗೆ ನಾವು ಏನೂ ಬರೆಯದೆ ಇದ್ದಾಗ.

1958ರ ನಂತರದ ಚಿತ್ರಗಳದು ಇನ್ನೊಂದು ಕತೆ. ಮಹಾಜನ ಆಯೋಗ 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಅದರ ಶಿಫಾರಸು. ಆ ದಿನಗಳ ಫೋಟೊ ಸಿಕ್ಕಿದರೆ, ಈಗಿನ ಕಾನೂನಿನಂತೆ ಕೇಳಬೇಕಾದ್ದು ತೆಗೆದವರು ತೀರಿಕೊಂಡದ್ದು ಯಾವಾಗ ಅಂತ. ಕರ್ತೃವಿನ ಹೆಸರಿಲ್ಲದೆ ಪ್ರಕಟವಾದದ್ದಾದರೆ ಪ್ರಕಟಣೆಯಿಂದ 60 ವರ್ಷ. ಎರಡು ಲೆಕ್ಕಕ್ಕೂ ಬೇಕಾದ ಮಾಹಿತಿಯನ್ನೇ ನಾವು ಇಟ್ಟುಕೊಂಡಿಲ್ಲ. ನಮ್ಮ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳನ್ನು ತೆರೆದು ನೋಡಿ. ಫೋಟೊದ ಕೆಳಗೆ "ಎಡದಿಂದ ಬಲಕ್ಕೆ" ಅಂತ ಹತ್ತು ಹೆಸರು ಇರುತ್ತದೆ. ಹನ್ನೊಂದನೆಯವರು, ಕರಿಬಟ್ಟೆಯ ಹಿಂದೆ ತಲೆ ಹುದುಗಿಸಿ ನಿಂತವರು, ಹೆಚ್ಚಿನ ಕಡೆ ಇರುವುದೇ ಇಲ್ಲ.

ಇಲ್ಲಿ ನಮ್ಮೂರಲ್ಲಿ ಪದೇ ಪದೇ ಕೇಳುವ ಮಾತೊಂದು ಉಂಟು: "ಫೋಟೊ ನಮ್ಮ ಹತ್ತಿರವೇ ಉಂಟಲ್ಲ, ಮತ್ತೆ ಯಾರನ್ನು ಕೇಳುವುದು?" ಪ್ರತಿ ನಮ್ಮದು ಅಂದ ಮಾತ್ರಕ್ಕೆ ಹಕ್ಕು ನಮ್ಮದಾಗುವುದಿಲ್ಲ. ಸ್ಕ್ಯಾನ್ ಮಾಡಿದ್ದು ನಾನು ಎಂಬ ಕಾರಣಕ್ಕೆ "ಸ್ವಂತ ಕೃತಿ" ಅಂತ ಹಾಕಲಿಕ್ಕೂ ಆಗುವುದಿಲ್ಲ. ಆದರೆ ಇದೇ ಕಾನೂನಿನಲ್ಲಿ ನಮಗೆ ಉಪಕಾರವಾಗುವ ಒಂದು ನಿಯಮವೂ ಇದೆ. ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರು. 1957ರ ಕಾಯ್ದೆಯ 17ನೇ ಸೆಕ್ಷನ್ ಹೀಗೆ ಹೇಳುತ್ತದೆ. ಹಿಂದಿನ ಕಾಯ್ದೆಯಲ್ಲೂ ಇದೇ ಬಗೆಯ ನಿಯಮ ಇತ್ತು. ಅಮೆರಿಕದ ಆ ಕಾನೂನು ಕೂಡ, ಮರಳಿ ಕೊಟ್ಟ ಹಕ್ಕು ಯಾರದು ಎಂಬುದನ್ನು ಮೂಲ ದೇಶದ ಕಾನೂನಿಗೇ ಬಿಡುತ್ತದೆ. ಅಂದರೆ 1954ರಲ್ಲಿ ಒಬ್ಬ ಮೇಷ್ಟರು ಸ್ಟುಡಿಯೊಗೆ ಹೋಗಿ ದುಡ್ಡು ಕೊಟ್ಟು ತೆಗೆಸಿದ ಭಾವಚಿತ್ರವನ್ನು ಮುಕ್ತ ಪರವಾನಗಿಯಡಿ ಕೊಡುವ ಅಧಿಕಾರ ಅವರ ವಾರಸುದಾರರಿಗೆ ಇರುವ ಸಾಧ್ಯತೆ ಇದೆ. ಶಾಲೆಯೇ ಹಣ ಕೊಟ್ಟು ತೆಗೆಸಿದ ಗುಂಪುಚಿತ್ರವಾದರೆ ಶಾಲೆಯ ಆಡಳಿತವನ್ನು ಕೇಳಬೇಕು. ಪತ್ರಿಕೆಯ ನೌಕರ ತೆಗೆದದ್ದಾದರೆ ಲೆಕ್ಕ ಬೇರೆ: ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದು, ಉಳಿದಂತೆ ತೆಗೆದವರದು.

ಹಾಗಾಗಿ ಫೋಟೊದ ಹಿಂಬದಿಯ ರಟ್ಟು, ಸ್ಟುಡಿಯೊದ ಮುದ್ರೆ, ಪೆಟ್ಟಿಗೆಯ ತಳದಲ್ಲಿ ಉಳಿದ ರಶೀದಿ ಇವೆಲ್ಲ ದಾಖಲೆಗಳು. ನಮ್ಮ ಮನೆಯಲ್ಲಿ ಅಜ್ಜ ಓದಿದ ಶಾಲೆಯ ಒಂದು ಗುಂಪುಚಿತ್ರ ಇದೆ. ಚೌಕಟ್ಟು ಬಿಚ್ಚಿ ನೋಡಿದಾಗ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಇಸವಿ ಮತ್ತು "ಪ್ರತಿಯೊಬ್ಬರಿಂದ ಆರಾಣೆ" ಎಂಬ ಬರಹ ಸಿಕ್ಕಿತು. ಚಿತ್ರ ತೆಗೆಸಲು ಹಣ ಕೂಡಿಸಿದ್ದು ಮಕ್ಕಳ ಮನೆಯವರು ಅಂತ ಆ ಒಂದು ಸಾಲು ಹೇಳುತ್ತದೆ. ಕೃತಿಸ್ವಾಮ್ಯಕ್ಕೆ ಅದು ಪುರಾವೆ. ಆ ಕಾಲದ ಕನ್ನಡ ಶಾಲೆಯನ್ನು ಯಾರು ಕಟ್ಟಿ ನಿಲ್ಲಿಸಿದರು ಎಂದು ಕೇಳುವ ಚರಿತ್ರೆಕಾರರಿಗೂ ಅದು ಪುರಾವೆ.

ಹಕ್ಕುದಾರರು ಸಿಕ್ಕಿದ ಮೇಲಿನ ಕೆಲಸ ಸುಲಭ. ಯಾವ ಚಿತ್ರ, ತನಗೆ ಹಕ್ಕು ಹೇಗೆ ಬಂತು, ಯಾವ ಪರವಾನಗಿ ಎಂಬುದನ್ನು ಹೇಳಿ ಅವರು ಇಮೇಲ್ ಮಾಡಬೇಕು. ಅದನ್ನು ಪರಿಶೀಲಿಸುವ ಸ್ವಯಂಸೇವಕರ ತಂಡ ಇದೆ. ಆದರೆ ಕೇಳುವ ಮೊದಲು ಪೂರ್ತಿ ವಿವರಿಸಬೇಕು. ನಾಳೆ ಯಾರಾದರೂ ಈ ಚಿತ್ರವನ್ನು ಕ್ಯಾಲೆಂಡರಿಗೆ ಹಾಕಿ ಮಾರಿದರೂ, ಹೆಸರು ನಮೂದಿಸಿದ್ದರೆ, ಆಕ್ಷೇಪಿಸುವಂತಿಲ್ಲ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಕೆಲವರು ಬೇಡ ಅನ್ನುತ್ತಾರೆ. ಅದು ಅವರ ಹಕ್ಕು. ಒಪ್ಪಿಸಲೇಬೇಕೆಂಬ ಹಟ ನಮಗೆ ಬೇಡ.

ಅನುಮತಿಗೆ ಕಾಯದೆ ನಾವೇ ಮಾಡಬಹುದಾದ್ದೂ ಬಹಳ ಇದೆ. ಬೇಕಲ ಕೋಟೆಯಂಥ ಹಳೆಯ ಕಟ್ಟಡಗಳನ್ನು ನಾವೇ ತೆಗೆದು ಹಾಕಬಹುದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಇತ್ತೀಚಿನ ಕಟ್ಟಡ, ಪ್ರತಿಮೆಗಳ ಫೋಟೊಗೂ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಗೋಡೆಯ ಮೇಲಿನ ಹೊಸ ವರ್ಣಚಿತ್ರಕ್ಕೆ, ಸ್ಮಾರಕದೊಳಗೆ ತೂಗುಹಾಕಿದ ಭಾವಚಿತ್ರಕ್ಕೆ ಈ ಅವಕಾಶ ಇಲ್ಲ. ಹಳೆಯ ತಾಳೆಗರಿಯ ನೇರ ಪ್ರತಿಚಿತ್ರವನ್ನು ಕಾಮನ್ಸ್ ಮುಕ್ತ ಅಂತ ಒಪ್ಪುತ್ತದೆ. ಶಾಸನದ ಕಲ್ಲಿಗೆ ಉಬ್ಬುತಗ್ಗು ಇರುವುದರಿಂದ ಅದರ ಫೋಟೊಗೆ ತೆಗೆದವರ ಹಕ್ಕು ಬೇರೆಯೇ ಇರುತ್ತದೆ. ಯಾರದೋ ಪುಸ್ತಕದಿಂದ ಎತ್ತುವ ಬದಲು ನಾವೇ ಹೋಗಿ ತೆಗೆಯಬೇಕು. ನಮ್ಮ ನಡುವೆ ಇರುವ ಭಾಗವತರು, ಲೇಖಕರು, ಕನ್ನಡ ಶಾಲೆಯ ಶಿಕ್ಷಕರ ಚಿತ್ರವನ್ನು ಅವರು ಒಪ್ಪಿದರೆ ಇವತ್ತೇ ತೆಗೆಯಬಹುದು. ಮೊಮ್ಮಕ್ಕಳ ಕಾಲದಲ್ಲಿ ಯಾರೋ 2100ರ ಆಚೆಯ ದಿನಾಂಕ ಲೆಕ್ಕ ಹಾಕುತ್ತಾ ಕೂರುವುದು ತಪ್ಪುತ್ತದೆ.

ಕೊನೆಯದಾಗಿ ನನ್ನ ಸಲಹೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಸಿಕ್ಕಿದ ಪ್ರತಿ ಹಳೆಯ ಫೋಟೊಗೆ ನಾವು ನಾಲ್ಕು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳೋಣ: ತೆಗೆದವರು ಯಾರು, ಯಾವಾಗ, ಹಣ ಕೊಟ್ಟವರು ಯಾರು, ಮೊದಲು ಅಚ್ಚಾದದ್ದು ಎಲ್ಲಿ. ವಿಕಿಪೀಡಿಯಕ್ಕೆ ಹಾಕದಿದ್ದರೂ ಈ ಮಾಹಿತಿ ಬೇಕು, ಯಾಕೆಂದರೆ ಆಕರ ವಿಮರ್ಶೆಯ ಮೊದಲ ಪ್ರಶ್ನೆಗಳೂ ಇವೇ. ಕಾಸರಗೋಡಿನ ಸ್ಟುಡಿಯೊದವರೋ ಮಂಗಳೂರಿನವರೋ ಎಂಬುದು ಕಾಪಿರೈಟಿಗೆ ಮುಖ್ಯವಲ್ಲ, ಈ ಕಾನೂನಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಮ್ಮ ಚರಿತ್ರೆಗೆ ಅದು ಮುಖ್ಯ. 1956ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. "ಅದು ಇಂಥವರು ತೆಗೆದ ಪಟ" ಅಂತ ಹೇಳಬಲ್ಲವರು ಅವರೇ. 2052ರಲ್ಲಿ ಆ ಚಿತ್ರಗಳು ಅಮೆರಿಕದಲ್ಲೂ ಮುಕ್ತವಾದಾಗ, ಅದರಲ್ಲಿ ಇರುವುದು ಯಾರು, ತೆಗೆದದ್ದು ಯಾರು ಅಂತ ಹೇಳಲು ನಮ್ಮ ಟಿಪ್ಪಣಿ ಪುಸ್ತಕ ಬಿಟ್ಟರೆ ಬೇರೇನೂ ಉಳಿದಿರಲಿಕ್ಕಿಲ್ಲ.