ಚಿತ್ರದಲ್ಲಿದ್ದ ತಾಯಿಗೆ ಹೆಸರಿರಲಿಲ್ಲ

ಅಮೆರಿಕದ ಮಹಾ ಆರ್ಥಿಕ ಮುಗ್ಗಟ್ಟಿನ ಬಗ್ಗೆ ಬರೆದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಛಾಯಾಚಿತ್ರವೊಂದಿದೆ. ಹರಕು ಗುಡಾರದಲ್ಲಿ ಕುಳಿತ ಹೆಂಗಸು, ಹಣೆಯ ತುಂಬ ಗೆರೆಗಳು, ಗಲ್ಲಕ್ಕೆ ತಾಗಿದ ಬಲಗೈ, ಮಡಿಲಲ್ಲಿ ಹಸುಗೂಸು. ಆಕೆಯ ಎರಡೂ ಹೆಗಲಿಗೆ ಒರಗಿದ ಇಬ್ಬರು ಮಕ್ಕಳು ಕ್ಯಾಮೆರಾದಿಂದ ಮುಖ ತಿರುಗಿಸಿದ್ದಾರೆ. ‘ವಲಸೆ ತಾಯಿ’ ಎಂದೇ ಪ್ರಸಿದ್ಧವಾದ ಈ ಚಿತ್ರವನ್ನು 1936ರಲ್ಲಿ ತೆಗೆದವರು ಡೊರೊಥಿಯಾ ಲ್ಯಾಂಗ್. ಅವರ ಹೆಸರು ಈ ಒಂದು ಚಿತ್ರದಿಂದ ದೇಶವಿಡೀ ಹಬ್ಬಿತು. ಚಿತ್ರದಲ್ಲಿದ್ದ ಹೆಂಗಸಿನ ಹೆಸರು ಜಗತ್ತಿಗೆ ತಿಳಿಯಲು ಮಾತ್ರ 42 ವರ್ಷ ಬೇಕಾಯಿತು.

ಬೀದಿಯಲ್ಲಿ ಕಂಡ ಮುಖವೊಂದು ಒಂದೇ ರಾತ್ರಿಯಲ್ಲಿ ಕೋಟ್ಯಂತರ ಮೊಬೈಲ್‌ಗಳಿಗೆ ತಲುಪಿ, ಬೆಳಗಾಗುವುದರೊಳಗೆ ಯಾವುದೋ ಪಕ್ಷದ ಘೋಷಣೆಯಾಗುವುದು ಇಂದು ಸಾಮಾನ್ಯ ಸಂಗತಿ. ಅದಕ್ಕೆ ‘ವೈರಲ್’ ಎಂಬ ಹೆಸರು ಬಂದದ್ದು ಈಚೆಗೆ. ಆದರೆ ಸಾಮಾನ್ಯರೊಬ್ಬರನ್ನು ಅವರಿಗೇ ತಿಳಿಯದಂತೆ ರಾಜಕೀಯದ ಸಂಕೇತವಾಗಿಸುವ ಪದ್ಧತಿ ಹಳೆಯದು. ಸಂಕೇತವಾದ ಮೇಲೆ ಆ ವ್ಯಕ್ತಿಯ ಗತಿ ಏನು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಬಟಾಣಿ ಹೊಲದ ಬಳಿ

1929ರಲ್ಲಿ ಷೇರುಪೇಟೆ ಕುಸಿದ ನಂತರ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಬರ ಮತ್ತು ಧೂಳಿನ ಬಿರುಗಾಳಿಗೆ ಸಿಕ್ಕ ರೈತ ಕುಟುಂಬಗಳು ಜಮೀನು ಬಿಟ್ಟು ಕ್ಯಾಲಿಫೋರ್ನಿಯಾದತ್ತ ಗುಳೆ ಹೊರಟವು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ ಇವರಿಗಾಗಿ ಪುನರ್ವಸತಿ ಸಂಸ್ಥೆಯೊಂದನ್ನು ತೆರೆಯಿತು. ಸರ್ಕಾರ ಬಡವರ ಮೇಲೆ ಹಣ ಸುರಿಯುವುದಕ್ಕೆ ದೊಡ್ಡ ವಿರೋಧವಿತ್ತು. ಹಳ್ಳಿಗಾಡಿನ ಕಷ್ಟವನ್ನು ನಗರದ ತೆರಿಗೆದಾರನ ಕಣ್ಣಿಗೆ ಕಾಣಿಸಬೇಕಿತ್ತು. ಆ ಕೆಲಸಕ್ಕಾಗಿ ಸಂಸ್ಥೆ ಛಾಯಾಗ್ರಾಹಕರನ್ನು ನೇಮಿಸಿಕೊಂಡಿತು. ಲ್ಯಾಂಗ್ ಅವರಲ್ಲೊಬ್ಬರು.

1936ರ ಚಳಿಗಾಲದ ಕೊನೆಯಲ್ಲಿ ಅವರು ತಿಂಗಳ ಪ್ರವಾಸ ಮುಗಿಸಿ ಮಳೆಯಲ್ಲಿ ಮನೆಗೆ ಮರಳುತ್ತಿದ್ದರು. ನಿಪೋಮೊ ಎಂಬ ಊರಿನ ಬಳಿ ಬಟಾಣಿ ಕೀಳುವವರ ಶಿಬಿರದ ಫಲಕ ಕಂಡಿತು. ನಿಲ್ಲದೆ ಮುಂದೆ ಹೋದರು. 20 ಮೈಲಿ ಹೋದ ಮೇಲೆ ಮನಸ್ಸು ಬದಲಿಸಿ ಕಾರು ತಿರುಗಿಸಿದರು. ಬೆಳೆ ಹಾಳಾಗಿ ಕೂಲಿಯಿಲ್ಲದೆ ಕುಳಿತಿದ್ದ ಜನರ ನಡುವೆ ಈ ತಾಯಿ, ಮಕ್ಕಳು ಕಂಡರು. ಕೆಲವೇ ನಿಮಿಷಗಳಲ್ಲಿ ಒಂದಷ್ಟು ಚಿತ್ರ ತೆಗೆದು ಲ್ಯಾಂಗ್ ಹೊರಟುಬಿಟ್ಟರು. ವಯಸ್ಸು 32, ಏಳು ಮಕ್ಕಳು ಎಂದು ಬರೆದುಕೊಂಡರು, ಹೆಸರು ಕೇಳಲಿಲ್ಲ.

ಮಾರ್ಚ್ ಎರಡನೇ ವಾರದಲ್ಲಿ ಈ ಚಿತ್ರಗಳು ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆಯಲ್ಲಿ ಅಚ್ಚಾದವು. ಹಸಿದ ಶಿಬಿರಕ್ಕೆ ಸರ್ಕಾರ ತಕ್ಷಣವೇ 20,000 ಪೌಂಡ್, ಅಂದರೆ ಸುಮಾರು ಒಂಬತ್ತು ಟನ್ ಆಹಾರ ಕಳಿಸಿತು. ಒಂದು ಚಿತ್ರ ಸಾವಿರಾರು ಜನರ ಹೊಟ್ಟೆ ತುಂಬಿಸಿದ್ದು ನಿಜ. ಆದರೆ ಚಿತ್ರದಲ್ಲಿದ್ದ ಕುಟುಂಬಕ್ಕೆ ಅದರಲ್ಲಿ ಒಂದು ತುತ್ತೂ ಸಿಗಲಿಲ್ಲ. ಕೆಟ್ಟುನಿಂತಿದ್ದ ಕಾರು ರಿಪೇರಿಯಾದೊಡನೆ ಅವರು ಕೂಲಿ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿಬಿಟ್ಟಿದ್ದರು.

ಯಾರೀ ತಾಯಿ?

ಅವರು ಫ್ಲಾರೆನ್ಸ್ ಓವೆನ್ಸ್, ಮುಂದೆ ಫ್ಲಾರೆನ್ಸ್ ಥಾಂಪ್ಸನ್. 1903ರಲ್ಲಿ ಇಂದಿನ ಓಕ್ಲಹಾಮ ರಾಜ್ಯದ ನೆಲದಲ್ಲಿ, ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದಲ್ಲಿ ಹುಟ್ಟಿದವರು. 17ನೇ ವಯಸ್ಸಿಗೆ ಮದುವೆ. 1931ರಲ್ಲಿ ಗಂಡ ಕ್ಷಯದಿಂದ ತೀರಿಕೊಂಡಾಗ ಆರನೇ ಮಗು ಹೊಟ್ಟೆಯಲ್ಲಿತ್ತು. ಹಗಲು ಹತ್ತಿ ಬಿಡಿಸಿ, ರಾತ್ರಿ ಸಿಕ್ಕ ಕೆಲಸ ಮಾಡಿ ಮಕ್ಕಳನ್ನು ಸಾಕಿದರು.

ಚಿತ್ರ ನೋಡಿದವರಿಗೆ ಇದಾವುದೂ ತಿಳಿದಿರಲಿಲ್ಲ. ಧೂಳಿನ ಬಿರುಗಾಳಿಯಿಂದ ಓಡಿಬಂದ ಬಿಳಿಯ ರೈತ ಮಹಿಳೆ ಎಂದೇ ಎಲ್ಲರೂ ತಿಳಿದರು. ಫ್ಲಾರೆನ್ಸ್ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1920ರ ದಶಕದಲ್ಲಿ, ಆ ಬಿರುಗಾಳಿಗಳಿಗೂ ಮೊದಲು. ಮೂಲನಿವಾಸಿ ಹೆಂಗಸಿನ ಚಿತ್ರವೆಂದು ತಿಳಿದಿದ್ದರೆ ಅಂದಿನ ಬಿಳಿಯ ಓದುಗರ ಕರುಳು ಇಷ್ಟೇ ಕರಗುತ್ತಿತ್ತೇ ಎಂದು ನಂತರದ ಕೆಲವು ವಿದ್ವಾಂಸರು ಕೇಳಿದ್ದಾರೆ. ಹೆಸರಿಲ್ಲದ್ದರಿಂದಲೇ ಆ ಮುಖಕ್ಕೆ ಯಾರು ಬೇಕಾದರೂ ತಮಗೆ ಬೇಕಾದ ಕತೆ ಹೊಂದಿಸಬಹುದಿತ್ತು.

ಕತೆ ಹೊಂದಿಸಿದವರಲ್ಲಿ ಲ್ಯಾಂಗ್ ಕೂಡ ಸೇರಿದ್ದರು. ಊಟಕ್ಕಾಗಿ ಆ ಕುಟುಂಬ ಕಾರಿನ ಟೈರುಗಳನ್ನೇ ಮಾರಿತ್ತು ಎಂದು ಅವರು ಬರೆದರು. ನಮ್ಮ ಬಳಿ ಮಾರಲು ಬೇರೆ ಟೈರುಗಳೇ ಇರಲಿಲ್ಲ, ಅದೇ ಕಾರಿನಲ್ಲಿ ನಾವು ಅಲ್ಲಿಂದ ಹೊರಟದ್ದು ಎಂದು ಮಕ್ಕಳು ಮುಂದೆ ಹೇಳಿದರು. ಅವಸರದಲ್ಲಿ ಬೇರೊಬ್ಬರ ಮಾತು ಇಲ್ಲಿ ಸೇರಿಕೊಂಡಿರಬಹುದು. ಆದರೆ ತಿದ್ದಬೇಕಾಗಿದ್ದ ಹೆಂಗಸು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಹಕ್ಕು ಯಾರದು?

ಸರ್ಕಾರಿ ಸಂಬಳದ ಮೇಲೆ ತೆಗೆದ ಚಿತ್ರವಾದ್ದರಿಂದ ಅದಕ್ಕೆ ಕೃತಿಸ್ವಾಮ್ಯವಿರಲಿಲ್ಲ. ಯಾವ ಪತ್ರಿಕೆ ಬೇಕಾದರೂ ಅಚ್ಚು ಹಾಕಬಹುದಿತ್ತು. 1958ರಲ್ಲಿ ಛಾಯಾಗ್ರಹಣ ಪತ್ರಿಕೆಯೊಂದರಲ್ಲಿ ತಮ್ಮ ಚಿತ್ರ ಕಂಡ ಫ್ಲಾರೆನ್ಸ್, ಮಾರಾಟವಾಗದ ಪ್ರತಿಗಳನ್ನು ಹಿಂದಕ್ಕೆ ಪಡೆಯಬೇಕೆಂದು ಪತ್ರ ಬರೆದರು. ಚಿತ್ರವನ್ನು ಮತ್ತೆ ಬಳಸಿದರೆ ಕಾನೂನಿನ ಮೊರೆ ಹೋಗುವುದಾಗಿ ಎಚ್ಚರಿಸಿದರು. ಅದರಿಂದ ಏನೂ ಆಗಲಿಲ್ಲ. 1978ರಲ್ಲಿ ಮೊಡೆಸ್ಟೊ ನಗರದ ಪತ್ರಕರ್ತರೊಬ್ಬರು ಟ್ರೇಲರ್ ಮನೆಯಲ್ಲಿದ್ದ ಫ್ಲಾರೆನ್ಸ್‌ರನ್ನು ಪತ್ತೆ ಮಾಡಿದರು. ಆಗ ಅವರಿಗೆ 75ರ ಹತ್ತಿರ. ಹೆಸರು ಕೇಳಲಿಲ್ಲ, ಪ್ರತಿ ಕಳಿಸಲಿಲ್ಲ, ಚಿತ್ರ ಮಾರುವುದಿಲ್ಲ ಎಂದಿದ್ದರು, ಒಂದು ಕಾಸೂ ಬರಲಿಲ್ಲ ಎಂಬುದು ಅವರ ದೂರಾಗಿತ್ತು. ಲ್ಯಾಂಗ್ 1965ರಲ್ಲೇ ತೀರಿಕೊಂಡಿದ್ದರಿಂದ ಉತ್ತರ ಹೇಳುವವರು ಇರಲಿಲ್ಲ.

ಮನೆಯವರ ನೋವು ಹಣಕ್ಕಿಂತ ಆಳವಾದದ್ದು. ಫ್ಲಾರೆನ್ಸ್ ಯಾರ ಮುಂದೆಯೂ ಕೈಯೊಡ್ಡದೆ ಬಾಳಿದವರು. ಎರಡನೇ ಮಹಾಯುದ್ಧದ ನಂತರ ಮದುವೆಯಾಗಿ ನೆಮ್ಮದಿ ಕಂಡರು. ಆದರೂ ಜಗತ್ತಿನ ಪಾಲಿಗೆ ಆಕೆ ಎಂದೆಂದಿಗೂ 1936ರ ಆ ಗುಡಾರದಲ್ಲೇ ಕುಳಿತಿದ್ದರು.

ಯುದ್ಧದ ಮಗು, ಗಲಭೆಯ ದರ್ಜಿ

ಫ್ಲಾರೆನ್ಸ್‌ಗೆ ಎದುರಾದದ್ದು ಅವರೊಬ್ಬರಿಗೇ ಅಲ್ಲ. 1972ರ ಜೂನ್ 8ರಂದು ದಕ್ಷಿಣ ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಹಳ್ಳಿಯ ಮೇಲೆ ನೇಪಾಮ್ ಬಾಂಬು ಬಿದ್ದಾಗ, ಮೈ ಸುಟ್ಟು ಬೆತ್ತಲೆ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್ ಯುದ್ಧವಿರೋಧಿಗಳ ಸಂಕೇತವಾದಳು. ಯುದ್ಧ ಮುಗಿದ ಮೇಲೂ ಆ ಸಂಕೇತ ಆಕೆಯನ್ನು ಬಿಡಲಿಲ್ಲ. ಕಮ್ಯುನಿಸ್ಟ್ ಸರ್ಕಾರ ವೈದ್ಯಕೀಯ ಓದನ್ನು ಬಿಡಿಸಿ, ವಿದೇಶಿ ಪತ್ರಕರ್ತರೆದುರು ಆಕೆಯನ್ನು ಪ್ರದರ್ಶಿಸಿತು. 1992ರಲ್ಲಿ ಕೆನಡಾದಲ್ಲಿ ವಿಮಾನ ಇಂಧನಕ್ಕಾಗಿ ನಿಂತಾಗ ಕಿಮ್, ಪತಿಯೊಂದಿಗೆ ಇಳಿದು ಆಶ್ರಯ ಕೇಳಿದರು. ನಂತರ ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ಅದೇ ಚಿತ್ರವನ್ನು ತಾವೇ ಮುಂದಿಟ್ಟುಕೊಂಡು ಕೆಲಸ ಮಾಡಿದರು.

ನಮ್ಮ ದೇಶದಲ್ಲೂ ಇಂಥದ್ದೊಂದು ಮುಖವಿದೆ. 2002ರ ಗುಜರಾತ್ ಗಲಭೆಯಲ್ಲಿ ಕಣ್ಣೀರು ತುಂಬಿ, ಕೈಮುಗಿದು ಪ್ರಾಣಭಿಕ್ಷೆ ಬೇಡಿದ ಅಹಮದಾಬಾದಿನ ದರ್ಜಿಯ ಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಗುರುತು ಸಿಕ್ಕಿದ್ದೇ ಅವರಿಗೆ ಮುಳುವಾಗಿ, ಕೆಲಸ ಉಳಿಸಿಕೊಳ್ಳುವುದೂ ಕಷ್ಟವಾಯಿತು. ಕೆಲಕಾಲ ಕೋಲ್ಕತ್ತದಲ್ಲಿ ನೆಲೆಸಿ ಮತ್ತೆ ಊರಿಗೆ ಮರಳಿದರು. 2016ರ ಅಸ್ಸಾಂ ವಿಧಾನಸಭಾ ಚುನಾವಣೆಯಲ್ಲಿ ಪಕ್ಷವೊಂದರ ಜಾಹೀರಾತಿನಲ್ಲಿ ಅದೇ ಚಿತ್ರ ಕಾಣಿಸಿದಾಗ, ತನ್ನನ್ನು ಬಳಸಿಕೊಳ್ಳಬೇಡಿ ಎಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು.

ಕೊನೆಗೆ ಬಂದ ಪತ್ರಗಳು

ಇಂಥ ಚಿತ್ರಗಳೇ ಬೇಡ ಎನ್ನುವುದು ಸುಲಭ. ಆದರೆ ನಿಪೋಮೊಗೆ ಹೋದ ಆ ಒಂಬತ್ತು ಟನ್ ಆಹಾರವನ್ನು ಮರೆಯುವಂತಿಲ್ಲ. ಅಂಕಿಅಂಶಗಳಿಗೆ ಕರಗದ ಮನಸ್ಸು ಒಂದು ಮುಖಕ್ಕೆ ಕರಗುತ್ತದೆ. ಅನ್ಯಾಯವಾಗುವುದು ಚಿತ್ರ ತೆಗೆದ ಗಳಿಗೆಯಲ್ಲಿ ಅಲ್ಲ. ನಂತರ ಎಷ್ಟೋ ವರ್ಷ ಆ ಮುಖವನ್ನು ಬಳಸುವ ಯಾರೊಬ್ಬರೂ ಆ ವ್ಯಕ್ತಿಯನ್ನು ಒಂದು ಮಾತು ಕೇಳದೇ ಇರುವುದರಲ್ಲಿ.

1983ರಲ್ಲಿ ಫ್ಲಾರೆನ್ಸ್ ಹಾಸಿಗೆ ಹಿಡಿದಾಗ ಚಿಕಿತ್ಸೆಗೆ ಹಣ ಸಾಲದೆ ಮಕ್ಕಳು ಸಾರ್ವಜನಿಕರ ಮೊರೆ ಹೋದರು. ದೇಶದ ಮೂಲೆಮೂಲೆಗಳಿಂದ ಬಂದ ಹಣ 35,000 ಡಾಲರ್ ದಾಟಿತು. ಜೊತೆಗೆ ರಾಶಿ ಪತ್ರಗಳೂ ಬಂದವು. ಆ ಚಿತ್ರ ತಮಗೆ ಧೈರ್ಯ ಕೊಟ್ಟಿತೆಂದು ಜನ ಬರೆದಿದ್ದರು. ಅಲ್ಲಿಯವರೆಗೆ ಅದನ್ನು ಅವಮಾನವೆಂದೇ ತಿಳಿದಿದ್ದ ಮಕ್ಕಳಿಗೆ ಮೊದಲ ಬಾರಿಗೆ ಅದರ ಬಗ್ಗೆ ಹೆಮ್ಮೆಯೆನಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್ ತೀರಿಕೊಂಡರು. 1998ರಲ್ಲಿ ಆ ಚಿತ್ರದ ಒಂದು ಪ್ರತಿ ಹರಾಜಿನಲ್ಲಿ 2,44,500 ಡಾಲರ್‌ಗೆ ಮಾರಾಟವಾಯಿತು. ಅಷ್ಟು ಹೊತ್ತಿಗೆ ಕನಿಷ್ಠ ಆ ತಾಯಿಯ ಹೆಸರಾದರೂ ಜಗತ್ತಿಗೆ ಗೊತ್ತಿತ್ತು.